ಪ್ರಿಂಟ್ ಸ್ಪೂಲ್ ಆಗಲೋ, ನೇರ ಹೋಗಲೋ?

ನಲವತ್ತು ಪುಟದ ವರದಿಗೆ ಪ್ರಿಂಟ್ ಕೊಟ್ಟಿದ್ದೀರಿ. ಎರಡೇ ಕ್ಷಣದಲ್ಲಿ ವರ್ಡ್ ಮತ್ತೆ ನಿಮ್ಮ ಕೈಗೆ ಬಂತು, ಪ್ರಿಂಟರ್ ಮಾತ್ರ ಇನ್ನೂ ಮೂರನೇ ಪುಟದಲ್ಲಿದೆ. ಇದು ಸ್ಪೂಲಿಂಗ್ ಕೆಲಸ. ಪುಟಗಳನ್ನೆಲ್ಲ ವಿಂಡೋಸ್ ಮೊದಲು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಪ್ರಿಂಟರ್ ನುಂಗುವಷ್ಟನ್ನೇ ಅದಕ್ಕೆ ಕೊಡುತ್ತಾ ಹೋಗುತ್ತದೆ. ನೇರ ಪ್ರಿಂಟಿಂಗ್‌ನಲ್ಲಿ ಈ ನಡುವಿನ ಉಗ್ರಾಣವೇ ಇಲ್ಲ. ಪ್ರಿಂಟರ್ ಎಲ್ಲವನ್ನೂ ತೆಗೆದುಕೊಳ್ಳುವವರೆಗೆ ಪ್ರೋಗ್ರಾಂ ಕಾಯಬೇಕು, ಅದರ ಜೊತೆ ನೀವೂ.

ಆಯ್ಕೆ ಇರುವ ಜಾಗಕ್ಕೆ ಹೋಗೋಣ. ಸೆಟ್ಟಿಂಗ್ಸ್ ತೆರೆದು 'ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್'ನಲ್ಲಿ ನಿಮ್ಮ ಪ್ರಿಂಟರ್ ಆರಿಸಿ. 'ಪ್ರಿಂಟರ್ ಪ್ರಾಪರ್ಟೀಸ್' ಒತ್ತಿ 'ಅಡ್ವಾನ್ಸ್ಡ್' ಟ್ಯಾಬ್‌ಗೆ ಬನ್ನಿ. ('ಪ್ರಿಂಟಿಂಗ್ ಪ್ರಿಫರೆನ್ಸಸ್' ಬೇರೆ. ಹೆಚ್ಚಿನವರು ಅಲ್ಲೇ ಹುಡುಕಿ ಸುಸ್ತಾಗುತ್ತಾರೆ.) ಅಲ್ಲಿ ಸ್ಪೂಲ್ ಮಾಡುವ ಆಯ್ಕೆಯಿದೆ, ಅದರ ಕೆಳಗೆ 'ಪ್ರಿಂಟ್ ಡೈರೆಕ್ಟ್ಲಿ ಟು ದಿ ಪ್ರಿಂಟರ್' ಇದೆ.

ನೇರಕ್ಕೆ ಹಾರುವ ಮುನ್ನ ಸ್ಪೂಲ್ ಆಯ್ಕೆಯ ಒಳಗಿನ ಎರಡು ಸಾಲು ನೋಡಿ. ಯಾರೂ ಅದರ ಕಡೆ ಗಮನ ಕೊಡುವುದಿಲ್ಲ, ಆದರೆ ಅರ್ಧ ತಲೆನೋವು ಅಲ್ಲೇ ತೀರುತ್ತದೆ. ಒಂದು, ಕೊನೆಯ ಪುಟ ಡಿಸ್ಕಿಗೆ ಬಂದ ಮೇಲೆ ಪ್ರಿಂಟ್ ಶುರು ಮಾಡುವುದು. ಇನ್ನೊಂದು, ಬರುತ್ತಿದ್ದಂತೆಯೇ ಶುರು ಮಾಡುವುದು. ಮೊದಲ ಹಾಳೆ ಬರಲು ತಡವಾದರೆ ಎರಡನೆಯದನ್ನು ಆರಿಸಿ. ಚಿತ್ರಗಳೇ ಜಾಸ್ತಿ ಇರುವ ಫೈಲು ಅರ್ಧಕ್ಕೆ ನಿಂತು ನಿಂತು ಬರುತ್ತಿದ್ದರೆ ಮೊದಲನೆಯದು ಒಳ್ಳೆಯದು.

ಹಾಗಾದರೆ ನೇರ ಯಾವಾಗ? ಒಂದೇ ಕಂಪ್ಯೂಟರಿಗೆ ಒಂದೇ ಪ್ರಿಂಟರ್ ಸಿಕ್ಕಿಸಿರುವಾಗ. ಬಿಲ್ ಅಥವಾ ಲೇಬಲ್‌ನಂಥ ಸಣ್ಣ ಪ್ರಿಂಟ್‌ಗಳಿಗೆ. ಡಿಸ್ಕಿನಲ್ಲಿ ಜಾಗವೇ ಇಲ್ಲದಾಗ. ಇಲ್ಲವೇ, ತಪ್ಪು ಸ್ಪೂಲಿನದೋ ಪ್ರಿಂಟರಿನದೋ ಎಂದು ಪರೀಕ್ಷೆ ಮಾಡಲು. ನಾಲ್ಕಾರು ಜನ ಹಂಚಿಕೊಂಡ ಪ್ರಿಂಟರಿಗೆ ಮಾತ್ರ ಬೇಡ. ಅಲ್ಲಿ ಸರತಿ ಬೇಕೇ ಬೇಕು, ಅಲ್ವಾ?

ಸರತಿಯಲ್ಲಿ ಒಂದು ಕೆಲಸ ಸಿಕ್ಕಿಕೊಂಡಿದೆ, ಅಳಿಸಿದರೂ ಹೋಗುತ್ತಿಲ್ಲ ಎಂದರೂ ನೇರಕ್ಕೆ ಬದಲಿಸಬೇಕಿಲ್ಲ. ವಿಂಡೋಸ್ ಹಿನ್ನೆಲೆಯಲ್ಲಿ ನಡೆಸುವ ಕೆಲಸಗಳ 'ಸರ್ವಿಸಸ್' ಪಟ್ಟಿಯಲ್ಲಿ, ಈ ಸರತಿ ನೋಡಿಕೊಳ್ಳುವ 'ಪ್ರಿಂಟ್ ಸ್ಪೂಲರ್' ನಿಲ್ಲಿಸಿ. ವಿಂಡೋಸ್ ಫೋಲ್ಡರಿನ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಅಲ್ಲಿರುವ ಫೈಲುಗಳನ್ನಷ್ಟೇ ಅಳಿಸಿ, ಫೋಲ್ಡರನ್ನಲ್ಲ. ಕಾಯುತ್ತಿದ್ದ ಬೇರೆ ಪ್ರಿಂಟ್‌ಗಳೂ ಇದರ ಜೊತೆ ಹೋಗುತ್ತವೆ, ಪಕ್ಕದವರಿಗೆ ಮೊದಲೇ ಹೇಳಿಬಿಡಿ. ಆಮೇಲೆ ಸ್ಪೂಲರನ್ನು ಮತ್ತೆ ಶುರು ಮಾಡಲು ಮರೆಯಬೇಡಿ. ನೇರ ಪ್ರಿಂಟ್ ಆರಿಸಿದ್ದೇನಲ್ಲ, ಇದು ಸುಮ್ನೆ ಯಾಕೆ ಎಂದು ನಿಲ್ಲಿಸಿಯೇ ಬಿಟ್ಟರೆ ಯಾವ ಪ್ರಿಂಟೂ ಬರುವುದಿಲ್ಲ.

ಪ್ರಿಂಟ್ ಕೆಲಸವೇ ಇಲ್ಲದ ಸರ್ವರ್‌ಗಳ ಮಾತು ಬೇರೆ. 2021ರಲ್ಲಿ 'ಪ್ರಿಂಟ್‌ನೈಟ್‌ಮೇರ್' ಎಂಬ ಭದ್ರತಾ ದೋಷ ಈ ಸ್ಪೂಲರಿನಲ್ಲೇ ಸಿಕ್ಕಿತ್ತು. ಅಂಥ ಸರ್ವರ್‌ಗಳಲ್ಲಿ ಸ್ಪೂಲರನ್ನು ನಿಲ್ಲಿಸಿಡುವುದೇ ಕ್ಷೇಮ.