ಕುರಿಯ ಅಂಡಾಣು ಲ್ಯಾಬಿನಲ್ಲಿ ಬಲಿಯಬೇಕಾದರೆ: ನನ್ನ ಅನುಭವ

ಕುರಿಯ ಭ್ರೂಣ ತಯಾರಿಸುವ ಕೆಲಸ ಶುರು ಮಾಡಿದವರು ಮೊದಲು ಕೇಳುವುದು ಮೀಡಿಯಾ, ಅಂದರೆ ಅಂಡಾಣು ಇಡುವ ಪೋಷಕ ದ್ರವದ ಬಗ್ಗೆ. ಯಾವ ಹಾರ್ಮೋನು, ಎಷ್ಟು ಸೀರಮ್, ಹೊಸದಾಗಿ ಏನು ಸೇರಿಸಬಹುದು ಅಂತ. ಸೊಲ್ಲಾಪುರದ ನಮ್ಮ ಚಿಕ್ಕ ಲ್ಯಾಬಿನಲ್ಲಿ ನಾನು ಕಂಡುಕೊಂಡಿದ್ದು ಬೇರೆ. ಅಂಡಾಣು ಇನ್‌ಕ್ಯುಬೇಟರ್ ಸೇರುವ ಮುಂಚೆಯೇ ಅದರ ಹಣೆಬರಹ ಬಹುಪಾಲು ಬರೆದಾಗಿರುತ್ತದೆ.

ನಮಗೆ ಅಂಡಾಶಯ ಸಿಗುವುದು ಕಸಾಯಿಖಾನೆಯಿಂದ. ಜಾಸ್ತಿ ಬರುವುದು ಡೆಕ್ಕನಿ ಕುರಿ. ಜತ್ತ ಕಡೆಯ ಮಾಡಗ್ಯಾಳ ಕುರಿಯೂ ಆಗಾಗ ಇರುತ್ತದೆ. ಕುರಿ ಸತ್ತ ಮೇಲೆ ಅಂಡಾಶಯಕ್ಕೆ ರಕ್ತ ನಿಲ್ಲುತ್ತದೆ, ಆಮ್ಲಜನಕ ಸಿಗುವುದಿಲ್ಲ, ಒಳಗೆ ಹುಳಿ ಏರುತ್ತಾ ಹೋಗುತ್ತದೆ. ಆದ್ದರಿಂದ ಅಲ್ಲಿನ ಚಾಚಾನಿಗೆ ನಾನು ಪ್ರತಿ ಸಲ ಹೇಳುವುದು ಒಂದೇ ಮಾತು: "ಚಾಚಾ, ತೆಗೆದ ಕೂಡ್ಲೇ ಫ್ಲಾಸ್ಕಿಗೆ ಹಾಕ್ರಿ, ಕಲ್ಲಿನ ಮ್ಯಾಲ ಇಡಬ್ಯಾಡ್ರಿ." ಫ್ಲಾಸ್ಕಿನಲ್ಲಿ ಆಂಟಿಬಯಾಟಿಕ್ ಹಾಕಿದ ಸಲೈನ್ ಇರುತ್ತದೆ, 30ರಿಂದ 35 ಡಿಗ್ರಿ ಬಿಸಿ. ಎರಡು ಮೂರು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ನಮ್ಮೂರ ಬೇಸಿಗೆಯಲ್ಲಿ ಬಿಸಿಲು 40 ದಾಟುತ್ತದೆ, ಹಾಗಾಗಿ ಆಗ ಸಲೈನ್ ತಣ್ಣಗಾಗುವ ಭಯಕ್ಕಿಂತ ಹೆಚ್ಚು ಕಾಯುವ ಭಯ. ಫ್ಲಾಸ್ಕಿನೊಳಗೆ ಒಂದು ಥರ್ಮಾಮೀಟರ್ ಕಾಯಂ ಇಟ್ಟುಬಿಟ್ಟಿದ್ದೇನೆ.

ಲ್ಯಾಬಿಗೆ ಬಂದ ಮೇಲೆ ಅಂಡಾಶಯವನ್ನು ಬೆಚ್ಚಗಿನ ಸಲೈನಿನಲ್ಲಿ ಹಲವು ಸಲ ತೊಳೆದು, 2ರಿಂದ 6 ಮಿಲಿಮೀಟರ್ ಫಾಲಿಕಲ್‌ಗಳಿಂದ (ಅಂಡಾಣು ಇರುವ ನೀರುಗುಳ್ಳೆಗಳಿಂದ) ಸಿರಿಂಜಿನಲ್ಲಿ ಅಂಡಾಣು ಎಳೆಯುತ್ತೇನೆ. ಬ್ಲೇಡಿನಿಂದ ಗೀರಿದರೆ ಜಾಸ್ತಿ ಸಿಗುತ್ತವೆ ನಿಜ. ಆದರೆ ಕಸವೂ ಜಾಸ್ತಿ, ತೀರಾ ಸಣ್ಣ ಫಾಲಿಕಲ್‌ಗಳ ಎಳೆ ಅಂಡಾಣುಗಳೂ ಬರುತ್ತವೆ.

ಆರಿಸುವ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯ. ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಒಳ್ಳೆಯ ಅಂಡಾಣುವಿನ ಸುತ್ತ ಕ್ಯುಮುಲಸ್ ಕೋಶಗಳು ಮೂರು ನಾಲ್ಕು ಪದರ ಒತ್ತೊತ್ತಾಗಿ ಕೂತಿರುತ್ತವೆ. ಒಳಗಿನ ದ್ರವ್ಯ ಒಂದೇ ಸಮನಾಗಿ ಕಾಣುತ್ತದೆ, ಕಪ್ಪು ಕಲೆಯಾಗಲಿ ಖಾಲಿ ಜಾಗವಾಗಲಿ ಇರುವುದಿಲ್ಲ. ಬರಿಮೈಯ ಅಂಡಾಣುವನ್ನು ನಾನು ಮುಟ್ಟುವುದೇ ಇಲ್ಲ. ಆ ಕೋಶಗಳ ಮೂಲಕವೇ ಅದಕ್ಕೆ ಆಹಾರ, ಸಂಕೇತ ಎಲ್ಲ ಹೋಗಬೇಕು, ಅಲ್ವಾ? ಲೆಕ್ಕ ದೊಡ್ಡದು ಮಾಡಲು ಕೆಟ್ಟವನ್ನು ಸೇರಿಸಿದರೆ ಕೊನೆಗೆ ಯಶಸ್ಸಿನ ಶೇಕಡಾವಾರು ಬಿದ್ದೇ ಬೀಳುತ್ತದೆ.

ಮೀಡಿಯಾ ವಿಷಯ ಹೆಚ್ಚು ಬೆಳೆಸುವುದಿಲ್ಲ. ಟಿಸಿಎಂ-199 ಅನ್ನುವ ಸಿದ್ಧ ಮೀಡಿಯಾ, ಅದಕ್ಕೆ ಶೇ. 10 ಸೀರಮ್, ಮತ್ತೆ ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಾಡಿಯೋಲ್ ಹಾರ್ಮೋನುಗಳು. ಮಿನರಲ್ ಆಯಿಲ್ ಕೆಳಗೆ ಸಣ್ಣ ಹನಿಗಳು, 38.5 ಡಿಗ್ರಿ, ಶೇ. 5 ಕಾರ್ಬನ್ ಡೈ ಆಕ್ಸೈಡ್, 24 ಗಂಟೆ. ಹನಿಗಳನ್ನು ಮಾತ್ರ ಎರಡು ಗಂಟೆ ಮೊದಲೇ ಇನ್‌ಕ್ಯುಬೇಟರಿನಲ್ಲಿ ಇಟ್ಟಿರಬೇಕು. ಇದನ್ನು ಬಣ್ಣವೇ ಹೇಳುತ್ತದೆ. ಹೊರಗೆ ಬಹಳ ಹೊತ್ತು ಇದ್ದ ಮೀಡಿಯಾ ಗಾಢ ಗುಲಾಬಿಗೆ ತಿರುಗಿರುತ್ತದೆ, ಅಂದರೆ ಕ್ಷಾರ ಏರಿದೆ ಅಂತ. ಗ್ಯಾಸ್ ಹಿಡಿದ ಮೇಲೆ ಅದು ಕಿತ್ತಳೆ ಕಡೆಗೆ ಬರುತ್ತದೆ. ಬಣ್ಣ ಬರುವ ತನಕ ನಾನು ಅಂಡಾಣು ಬಿಡುವುದಿಲ್ಲ, ಎಷ್ಟೇ ತಡವಾಗಲಿ.

ಮರುದಿನ ಕ್ಯುಮುಲಸ್ ಅರಳಿ ಹರಡಿಕೊಂಡಿದ್ದರೆ ಎಲ್ಲರಿಗೂ ಖುಷಿ. ಆದರೆ ಅಷ್ಟಕ್ಕೆ ನಂಬಬಾರದು. ಕೆಲವನ್ನು ತೆಗೆದು, ಹಯಲುರೊನಿಡೇಸ್ ಅನ್ನುವ ಕಿಣ್ವದಿಂದ ಕೋಶ ಬಿಡಿಸಿ, ಪೋಲಾರ್ ಬಾಡಿ, ಅಂದರೆ ಅಂಡಾಣು ಬಲಿಯುವಾಗ ಹೊರಹಾಕುವ ಪುಟ್ಟ ಕೋಶ, ಹೊರಬಂದಿದೆಯಾ ನೋಡಬೇಕು. ಅಂಚಿನಲ್ಲಿ ಒಂದು ಪುಟ್ಟ ಗುಂಡು ಕಂಡರೆ ಕೋಶಕೇಂದ್ರ ಬಲಿತಿದೆ. ಅದೂ ಪೂರ್ತಿ ಸಾಕ್ಷಿ ಅಲ್ಲ. ಜೋಳದ ತೆನೆ ಹೊರಬಂದ ಮಾತ್ರಕ್ಕೆ ಕಾಳು ಗಟ್ಟಿಯಾಗಿರುವುದಿಲ್ಲವಲ್ಲ, ಹಾಗೆಯೇ ಕೋಶಕೇಂದ್ರ ತಯಾರಾದರೂ ಸುತ್ತಲಿನ ದ್ರವ್ಯ ಹಸಿಯಾಗಿ ಉಳಿದಿರಬಹುದು. ಅಂಥ ಅಂಡಾಣುವಿನೊಳಗೆ ವೀರ್ಯಾಣು ಹೊಕ್ಕರೂ ಅದರ ತಲೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಭ್ರೂಣ ಮುಂದೆ ಬೆಳೆಯುವುದಿಲ್ಲ.

ಮೀಡಿಯಾಗೆ ಸೇರಿಸುವ ಸಿಸ್ಟಿಯಮೈನ್ ಅನ್ನುವ ರಾಸಾಯನಿಕ ಉಪಯೋಗಕ್ಕೆ ಬರುವುದು ಇಲ್ಲೇ. ಅದು ಅಂಡಾಣುವಿನೊಳಗೆ ಗ್ಲುಟಾಥಯೋನ್ ಅನ್ನುವ ರಕ್ಷಕ ವಸ್ತುವನ್ನು ಹೆಚ್ಚಿಸುತ್ತದೆ. ಲ್ಯಾಬಿನ ಗಾಳಿಯಲ್ಲಿ ಆಮ್ಲಜನಕ ಗರ್ಭದೊಳಗಿನದಕ್ಕಿಂತ ಬಹಳ ಜಾಸ್ತಿ. ಅದರಿಂದ ಆಗುವ ಹಾನಿಯನ್ನು ಗ್ಲುಟಾಥಯೋನ್ ತಡೆಯುತ್ತದೆ, ವೀರ್ಯಾಣುವಿನ ತಲೆ ಬಿಚ್ಚಿಕೊಳ್ಳಲೂ ಅದೇ ಬೇಕು. ನಾನು ಹಾಕುವುದು 100 ಮೈಕ್ರೋಮೋಲಾರ್. ಪ್ರತಿ ಬ್ಯಾಚಿನಲ್ಲೂ ಅದಿಲ್ಲದ ಕೆಲವು ಹನಿಗಳನ್ನು ಪಕ್ಕದಲ್ಲೇ ಇಡುತ್ತೇನೆ. ಪೋಲಾರ್ ಬಾಡಿಯ ಲೆಕ್ಕದಲ್ಲಿ ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡಿದ್ದು ವೀರ್ಯಾಣು ಸೇರಿಸಿದ ಏಳನೇ ದಿನ, ಬ್ಲಾಸ್ಟೊಸಿಸ್ಟ್, ಅಂದರೆ ಆ ಹಂತಕ್ಕೆ ಬೆಳೆದ ಟೊಳ್ಳು ಚೆಂಡಿನಂಥ ಭ್ರೂಣ, ಎಣಿಸುವಾಗ. ಹಾಗಾಗಿ 24 ಗಂಟೆಯ ಲೆಕ್ಕ ನೋಡಿ ಯಾವ ಬದಲಾವಣೆಯನ್ನೂ ಬಿಡಬೇಡಿ, ಹಿಡಿಯಲೂ ಬೇಡಿ.

ಈಗ ಕಸಾಯಿಖಾನೆಯಲ್ಲೇ ಎಳೆ ಕುರಿಯ ಅಂಡಾಶಯಕ್ಕೆ ಒಂದು ಫ್ಲಾಸ್ಕ್, ಮರಿ ಹಾಕಿದ ಕುರಿಯದಕ್ಕೆ ಇನ್ನೊಂದು ಇಟ್ಟಿದ್ದೇನೆ. ಬೆದೆಗೇ ಬಾರದ ಎಳೆ ಕುರಿಯ ಅಂಡಾಣು ಬಲಿತಂತೆ ಕಂಡರೂ ಭ್ರೂಣ ಕೊಡುವುದು ಕಡಿಮೆ. ಎರಡನ್ನೂ ಕಲಸಿದರೆ ಯಾವ ಬದಲಾವಣೆಯಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ಚಾಚಾ ಹಲ್ಲು ನೋಡಿ ವಯಸ್ಸು ಹೇಳುತ್ತಾರೆ, ನಾನು ಫ್ಲಾಸ್ಕಿನ ಮೇಲೆ ಚೀಟಿ ಅಂಟಿಸುತ್ತೇನೆ.