ಡಬ್ಲ್ಯುಪಿಎ ಕೆಲಸ ಪತ್ತೆ ಮಾಡೋದು ಹೇಗೆ? ಒಂದು ಬಾಟಲಿ ನೀರು, ಒಂದು ಟಾರ್ಚು ಸಾಕು

ಅಪ್ಪ ಪಿಡಬ್ಲ್ಯುಡಿಯಲ್ಲಿ ಓವರ್‌ಸಿಯರ್ ಆಗಿದ್ದವರು. ರಿಟೈರಾದ ಮೇಲೆ ತಿಪಟೂರಿಂದ ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ, ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಬಂದಿದ್ದರು. ಗೋಲ್ಡನ್ ಗೇಟ್ ಸೇತುವೆ ತೋರಿಸಿದರೆ ‘ಹ್ಞೂಂ, ಚೆನ್ನಾಗಿದೆ’ ಅಂದು ಸುಮ್ಮನಾದರು. ಇಲ್ಲಿನ ಗುಲಾಬಿ ತೋಟದ ಕಲ್ಲುಗೋಡೆ ಮುಂದೆ ಮಾತ್ರ ಅರ್ಧ ಗಂಟೆ ನಿಂತರು. ಸಂದಿನ ಗಾರೆ ಮೇಲೆ ಬೆರಳಾಡಿಸಿ, ‘ಇದು ಲಾಭ ನೋಡೋ ಕಂಟ್ರಾಕ್ಟರ್ ಕೆಲ್ಸ ಅಲ್ಲ ಕಣಮ್ಮ. ಜನಕ್ಕೆ ಕೂಲಿ ಸಿಗ್ಲಿ ಅಂತ್ಲೇ ಮಾಡ್ಸಿರೋದು’ ಅಂದರು.

ಮನೆಗೆ ಬಂದು ಹುಡುಕಿದೆ. ಅವರು ಹೇಳಿದ್ದೇ ನಿಜ. ಆ ತೋಟ 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದ ಸರ್ಕಾರಿ ಕಾಮಗಾರಿ, 1937ರಲ್ಲಿ ಮುಗಿದದ್ದು. ಅವತ್ತಿಂದ ನನಗೂ ಇದರ ಹುಚ್ಚು ಹಿಡಿಯಿತು. ಅಮೆರಿಕದಲ್ಲಿರುವ ಕನ್ನಡದವರು ನಿಮ್ಮ ನಿಮ್ಮ ಊರಲ್ಲೇ ಇದನ್ನು ಮಾಡಬಹುದು. ಆ ಕಾಲದ ಕುರುಹು ಒಂದಾದರೂ ಇಲ್ಲದ ಊರು ಇಲ್ಲಿ ಅಪರೂಪ.

ಮೊದಲು ಹೆಸರುಗಳ ಗೊಂದಲ ಕಳೆದುಕೊಳ್ಳಿ. ಇಲ್ಲಿನವರು ಇಂಥ ಕಾಮಗಾರಿ ಎಲ್ಲವನ್ನೂ ಡಬ್ಲ್ಯುಪಿಎ ಅಂದುಬಿಡುತ್ತಾರೆ, ಆದರೆ ಅಧ್ಯಕ್ಷ ರೂಸ್‌ವೆಲ್ಟ್ ಅವರ ‘ನ್ಯೂ ಡೀಲ್’ ಯೋಜನೆಯಲ್ಲಿ ಇಲಾಖೆಗಳು ಬೇರೆ ಬೇರೆ ಇದ್ದವು. ಮೊದಲಿಗೆ ಹ್ಯಾರಿ ಹಾಪ್ಕಿನ್ಸ್ ನೋಡಿಕೊಂಡ ಡಬ್ಲ್ಯುಪಿಎ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್) 1935ರಿಂದ 1943ರವರೆಗೆ ಇತ್ತು. ಕೆಲಸ ಕಳೆದುಕೊಂಡವರನ್ನು ಸರ್ಕಾರವೇ ನೇರವಾಗಿ ಕೂಲಿಗೆ ಇಟ್ಟುಕೊಂಡಿತು. ಒಟ್ಟು ಸುಮಾರು 85 ಲಕ್ಷ ಜನ ಅದರಲ್ಲಿ ದುಡಿದರು. ಹೆರಾಲ್ಡ್ ಇಕ್ಸ್ ಕೈಲಿದ್ದ ಪಿಡಬ್ಲ್ಯುಎ (ಪಬ್ಲಿಕ್ ವರ್ಕ್ಸ್ ಅಡ್ಮಿನಿಸ್ಟ್ರೇಷನ್) 1933ರದ್ದು. ಅದು ದೊಡ್ಡ ಸೇತುವೆ, ಅಣೆಕಟ್ಟು, ಶಾಲೆಗಳಿಗೆ ಹಣ ಕೊಟ್ಟು ಖಾಸಗಿ ಕಂಟ್ರಾಕ್ಟರ್‌ಗಳಿಂದ ಕಟ್ಟಿಸುತ್ತಿತ್ತು. ಕಾಡು, ಬೆಟ್ಟ, ಪಾರ್ಕುಗಳಲ್ಲಿ ಕಾಣೋದು ಹೆಚ್ಚಾಗಿ ಸಿಸಿಸಿ (ಸಿವಿಲಿಯನ್ ಕನ್ಸರ್ವೇಷನ್ ಕೋರ್, ಕೆಲಸವಿಲ್ಲದ ಯುವಕರ ಪಡೆ) ಹುಡುಗರ ಕೆಲಸ. ಅವರ ಸಂಬಳ ತಿಂಗಳಿಗೆ 30 ಡಾಲರ್, ಅದರಲ್ಲಿ 25 ಸೀದಾ ಮನೆಗೆ ಹೋಗುತ್ತಿತ್ತು.

ಅಪ್ಪ ಹೇಳಿಕೊಟ್ಟ ಗುಟ್ಟು ಇದು: ಕಟ್ಟಡದ ಅಂದ ನೋಡಬೇಡಿ, ಕೂಲಿ ಎಷ್ಟು ಬಿದ್ದಿರಬೇಕು ಅಂತ ಲೆಕ್ಕ ಹಾಕಿ. ನರೇಗಾದ 60:40 (ಕೂಲಿಗೆ 60, ಸಾಮಗ್ರಿಗೆ 40) ಗೊತ್ತಿದ್ದವರಿಗೆ ಇದು ಬೇಗ ಹಿಡಿಯುತ್ತೆ: ದುಡ್ಡು ಸಿಮೆಂಟು ಕಬ್ಬಿಣಕ್ಕಿಂತ ಕೈಗಳಿಗೆ ಹೋಗಬೇಕು. ಹಾಗಾಗಿ ಕಾಂಕ್ರೀಟ್ ಸುರಿದರೆ ಮುಗಿಯುವ ಕಡೆ ಕಲ್ಲು ಕೆತ್ತಿ ಕೂರಿಸಿರುತ್ತಾರೆ. ಮೋರಿಯ ಬದಿಗೋಡೆ, ಪಾರ್ಕಿನ ಮೆಟ್ಟಿಲು, ಯಾರೂ ತಿರುಗಿ ನೋಡದ ತಡೆಗೋಡೆ, ಇಂಥಲ್ಲೇ ಹುಡುಕಿ. ಕಲ್ಲು ಆಸುಪಾಸಿನದ್ದೇ ಆಗಿರುವುದು ಹೆಚ್ಚು. ಸಿಸಿಸಿ ಹುಡುಗರು ಡಯಾಬ್ಲೊ ಬೆಟ್ಟದ ತುದಿಯಲ್ಲಿ ಕಟ್ಟಿದ ಕಟ್ಟಡಕ್ಕೆ ಅದೇ ಬೆಟ್ಟದ ಮರಳುಗಲ್ಲು ಬಳಸಿದ್ದಾರೆ. ಗೋಡೆಗೆ ಮುಖ ಹತ್ತಿರ ತಂದರೆ ಕಲ್ಲೊಳಗೆ ಸಮುದ್ರದ ಚಿಪ್ಪಿನ ಪಳೆಯುಳಿಕೆ ಕಾಣುತ್ತೆ.

ಆಮೇಲೆ ನೆಲ ನೋಡಿ. ಹಳೇ ಫುಟ್‌ಪಾತಿನ ಕಾಂಕ್ರೀಟು ಹಸಿಯಿದ್ದಾಗಲೇ ಡಬ್ಲ್ಯುಪಿಎ ಅಂತ ಅಕ್ಷರವನ್ನೂ ಇಸವಿಯನ್ನೂ ಒತ್ತಿರುತ್ತಾರೆ. ಸವೆದಿರೋದರಿಂದ ನಡುಮಧ್ಯಾಹ್ನ ಹೋದರೆ ಏನೂ ಕಾಣಲ್ಲ. ಸಂಜೆ ಓರೆ ಬಿಸಿಲಲ್ಲಿ ಹೋಗಿ. ಇಲ್ಲವೇ ಟಾರ್ಚನ್ನು ನೆಲಕ್ಕೆ ತಾಗುವಷ್ಟು ಮಲಗಿಸಿ ಹಿಡಿಯಿರಿ, ಹಳ್ಳದಲ್ಲಿ ನೆರಳು ನಿಲ್ಲುತ್ತೆ. ನಾನು ನೀರೂ ಚಿಮುಕಿಸುತ್ತೇನೆ. ಮೇಲ್ಮೈ ಬೇಗ ಆರಿ, ಅಕ್ಷರದ ಗೆರೆಯಲ್ಲಿ ಮಾತ್ರ ಕಪ್ಪಗೆ ಉಳಿಯುತ್ತೆ. ಸುಣ್ಣ, ಬಣ್ಣ ಬಳಿಯಲು ಹೋಗಬೇಡಿ.

ಫಲಕ ಓದುವಾಗ ಪಿಡಬ್ಲ್ಯುಎ ಅನ್ನೋ ಮೂರು ಅಕ್ಷರ ಹುಡುಕಿದರೆ ಕೆಟ್ಟಿರಿ. ಅದರ ಫಲಕದ ಮೇಲೆ ‘ಫೆಡರಲ್ ಎಮರ್ಜೆನ್ಸಿ ಅಡ್ಮಿನಿಸ್ಟ್ರೇಷನ್ ಆಫ್ ಪಬ್ಲಿಕ್ ವರ್ಕ್ಸ್’ ಅಂತ ಉದ್ದಕ್ಕೆ ಇರುತ್ತೆ. ಡಬ್ಲ್ಯುಪಿಎ ಫಲಕದಲ್ಲಿ ‘ವರ್ಕ್ಸ್ ಪ್ರೋಗ್ರೆಸ್’ ಅಂತಿದ್ದರೆ 1939ಕ್ಕೆ ಮುಂಚಿನದು. ಆ ವರ್ಷ ಹೆಸರು ‘ವರ್ಕ್ ಪ್ರಾಜೆಕ್ಟ್ಸ್’ ಅಂತ ಬದಲಾಯಿತು. ಅಂಚೆ ಕಚೇರಿಯಾದರೆ ಮೂಲೆಗಲ್ಲಿನಲ್ಲಿ ಮಾರ್ಗೆಂಥೋ, ಫಾರ್ಲಿ, ಲೂಯಿ ಸೈಮನ್ ಹೆಸರು ನೋಡಿ: ಖಜಾನೆ ಮಂತ್ರಿ, ಅಂಚೆ ಮಂತ್ರಿ, ಸರ್ಕಾರಿ ವಾಸ್ತುಶಿಲ್ಪಿ. ಮೂವರೂ ಒಟ್ಟಿಗೆ ಸಿಕ್ಕರೆ ಕಾಲದ ಬಗ್ಗೆ ಅನುಮಾನವೇ ಬೇಡ.

ಮೂಲೆಗಲ್ಲೊಂದನ್ನೇ ನಂಬಿ ಕೂರಬೇಡಿ. ಬರ್ಕ್ಲಿಯ ದೊಡ್ಡ ಅಂಚೆ ಕಚೇರಿ 1914ರ ಹೊತ್ತಿನದು, ಆದರೆ ಒಳಗೋಡೆಯ ಚಿತ್ರ ಸುಝಾನ್ ಶೂಯರ್ ಈ ಯೋಜನೆಗಳ ಕಾಲದಲ್ಲಿ ಬರೆದದ್ದು. ಇಂಥ ಚಿತ್ರಗಳೂ ಸಾಮಾನ್ಯವಾಗಿ ಡಬ್ಲ್ಯುಪಿಎ ಅಲ್ಲ! ದೇಶದ ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳ ಚಿತ್ರ, ಶಿಲ್ಪ ಬಹುಪಾಲು ಖಜಾನೆ ಇಲಾಖೆಯ ಕಲಾವಿಭಾಗ ಮಾಡಿಸಿದ್ದು. ಒಳಗೆ ಫೋಟೊ ತೆಗೆಯೋ ಮುಂಚೆ ಕೌಂಟರಿನಲ್ಲಿ ಒಂದು ಮಾತು ಕೇಳಿ.

ನಾನೂ ಎಡವಿದ್ದೇನೆ. ನೆಂಟರೆದುರು ಗೋಲ್ಡನ್ ಗೇಟ್ ಸೇತುವೆಯೂ ಡಬ್ಲ್ಯುಪಿಎ ಕೆಲಸ ಅಂತ ಜಂಬ ಕೊಚ್ಚಿದ್ದೆ. ಅಲ್ಲ. ಸುತ್ತಲಿನ ಕೌಂಟಿಗಳ ಜನ 1930ರಲ್ಲಿ ಮತ ಹಾಕಿ ಒಪ್ಪಿದ ಮೂರೂವರೆ ಕೋಟಿ ಡಾಲರ್ ಬಾಂಡಿನ ಹಣ ಅದು. ಹೂವರ್ ಅಣೆಕಟ್ಟಿನ ಕೆಲಸವೂ ರೂಸ್‌ವೆಲ್ಟ್ ಬರುವ ಮುಂಚೆ, 1931ರಲ್ಲೇ ಶುರುವಾಗಿತ್ತು. ಆ ಕಾಲದ್ದು ಅಂದ ಮಾತ್ರಕ್ಕೆ ಆ ಯೋಜನೆಯದ್ದಲ್ಲ.

ಅನುಮಾನ ಇದ್ದರೆ ಊರಿನ ಲೈಬ್ರರಿಯ ಸ್ಥಳೀಯ ಇತಿಹಾಸ ವಿಭಾಗಕ್ಕೆ ಹೋಗಿ 1933ರಿಂದ 1943ರವರೆಗಿನ ಪತ್ರಿಕೆ, ನಗರಸಭೆಯ ನಡಾವಳಿ ಕೇಳಿ. ಲೈಬ್ರೆರಿಯನ್‌ಗೆ ಕಟ್ಟಡದ ಹೆಸರು ಹೇಳಿ ಸುಮ್ಮನಾಗಬೇಡಿ. ಮೋರಿ, ಫುಟ್‌ಪಾತ್, ಆಟದ ಮೈದಾನ ಅಂತ ಕೆಲಸದ ಹೆಸರೂ ಹೇಳಿ. ದಾಖಲೆಯಲ್ಲಿ ಅವು ಹಾಗೇ ಇರೋದು.

ಖಚಿತವಾದ ಮೇಲೆ ಲಿವಿಂಗ್ ನ್ಯೂ ಡೀಲ್ ಅನ್ನೋ ನಕಾಶೆ ನೋಡಿ. ಅದು ಹುಟ್ಟಿದ್ದು ನಮ್ಮ ಬರ್ಕ್ಲಿ ವಿಶ್ವವಿದ್ಯಾಲಯದಲ್ಲೇ. ನಿಮ್ಮ ಜಾಗ ಅದರಲ್ಲಿ ಇಲ್ಲದಿದ್ದರೆ ಫೋಟೊ, ಆಧಾರ ಎರಡೂ ಸೇರಿಸಿ ಕಳಿಸಿ. ಫುಟ್‌ಪಾತಿನ ಅಕ್ಷರವಾದರೆ ಅಳತೆ ತಿಳಿಯೋಕೆ ಪಕ್ಕದಲ್ಲಿ ಏನಾದರೂ ಇಡಿ. ನನ್ನ ಮೊದಲ ಫೋಟೊದಲ್ಲಿ ಅಪ್ಪನ ಬಾಟಾ ಚಪ್ಪಲಿ ಇದೆ.