ಕೃಷಿ ಹೊಂಡದ ಕಥೆ ಶಾಲೆಯಲ್ಲಿ ಓದುವುದು ಹೇಗೆ?

ಮುಳಬಾಗಿಲು ಕಡೆಯ ಒಂದು ಶಾಲೆಯಲ್ಲಿ ಮಕ್ಕಳ ಲೇಖಕರೊಬ್ಬರು ಕಥೆ ಓದುತ್ತಿದ್ದರು. ಹೊಲದಲ್ಲಿ ಮಳೆನೀರು ಹಿಡಿಯಲು ತೋಡಿದ ಕೃಷಿ ಹೊಂಡಕ್ಕೆ ಬಿದ್ದ ಗೆಳೆಯನನ್ನು ಹುಡುಗನೊಬ್ಬ ಹಾರಿ ಕಾಪಾಡುವ ಕಥೆ. ಮುಗಿಸಿ, "ನೀವಾಗಿದ್ರೆ ಏನ್ ಮಾಡ್ತಿದ್ರಿ?" ಎಂದು ಕೇಳಿದರು. "ಹಾರ್ತಿದ್ವಿ ಸಾರ್!" ಎಂದಿತು ಇಡೀ ಕ್ಲಾಸು. ಅವರು ಚಪ್ಪಾಳೆ ಹೊಡೆಸಿದರು. ಹಿಂದೆ ಕೂತಿದ್ದ ನನಗೆ ಎದೆ ಝಲ್ಲೆಂದಿತು.

2014-15ರಲ್ಲಿ ಸರ್ಕಾರದ ಕೃಷಿಭಾಗ್ಯ ಯೋಜನೆ ಶುರುವಾದ ಮೇಲೆ ನಮ್ಮ ಕಡೆ ಹೊಲಗಳಲ್ಲಿ ಹೊಂಡಗಳಾದವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುವುದು) ಬಂದು ಬತ್ತಿದ್ದ ಕೆರೆಗಳೂ ತುಂಬತೊಡಗಿದವು. ನೀರು ಬಂತು, ಈಜು ಬರಲಿಲ್ಲ. ಒಣಗಿದ ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದ ಅಪ್ಪಂದಿರು ಮಕ್ಕಳಿಗೆ ಈಜು ಎಲ್ಲಿಂದ ಕಲಿಸಿಯಾರು?

ಹಾಗಾಗಿ ನೀವೂ ಇಂಥ ಕಥೆ ಓದಲು ಹೊರಟಿದ್ದರೆ ಹೀಗೆ ಮಾಡಿ.

ಹೆಜ್ಜೆ 1. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ, ಹೆಡ್‌ಮಾಸ್ಟರಿಗೆ ಒಂದು ಫೋನು. ನಲಿ-ಕಲಿಯ, ಅಂದರೆ ಒಂದರಿಂದ ಮೂರನೇ ಕ್ಲಾಸಿನ, ಚಿಕ್ಕ ಮಕ್ಕಳನ್ನು ಸೇರಿಸಬೇಡಿ, ನಾಲ್ಕು ಮತ್ತು ಐದನೇ ಕ್ಲಾಸು ಸಾಕು. ಬಿಸಿಯೂಟದ ನಂತರದ ಪೀರಿಯಡ್ ಬೇಡವೇ ಬೇಡ, ಅರ್ಧ ಕ್ಲಾಸು ತೂಕಡಿಸುತ್ತದೆ. ಫೋನಿನಲ್ಲೇ ಒಂದು ಮಾತು ಕೇಳಿ: "ಈ ಊರಲ್ಲಿ ಯಾರಾದ್ರೂ ನೀರಲ್ಲಿ ಹೋಗಿದ್ದಾರಾ ಸಾರ್?" ತೀರಿಕೊಂಡವನ ತಂಗಿ ಎದುರಿಗೇ ಕೂತಿರಬಹುದು. ಹಾಗಿದ್ದರೆ ಆ ದಿನ ರಸ್ತೆ ದಾಟುವ ಕಥೆ ಓದಿ.

ಹೆಜ್ಜೆ 2. ಕಥೆ ಹತ್ತು ನಿಮಿಷದ್ದಿರಲಿ, ಚಿತ್ರ ನಮ್ಮೂರಿನದ್ದಿರಲಿ. ಅಂಗಡಿಯಲ್ಲಿ ಸಿಗುವ ಸುರಕ್ಷತೆ ಚಾರ್ಟುಗಳಿಗೆ ದುಡ್ಡು ದಂಡ ಮಾಡಬೇಡಿ. ಸಮುದ್ರದ ದಡ, ಕೆಂಪು ಜಾಕೆಟ್ಟು, ಸೀಟಿ ಊದುವ ಕಾವಲುಗಾರ. ಕೋಲಾರದಲ್ಲಿ ಯಾವ ಸಮುದ್ರ? ಕಾರ್ಡ್‌ಲೆಸ್ ಮೈಕೂ ಬೇಡ. ನಲವತ್ತು ಮಕ್ಕಳಿಗೆ ಗಂಟಲೇ ಸಾಕು.

ಹೆಜ್ಜೆ 3. ಓದಿ. ಆದರೆ ಹುಡುಗ ಜಾರಿ ಬಿದ್ದ ಕೂಡಲೇ ಪುಸ್ತಕ ಮುಚ್ಚಿಬಿಡಿ.

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

"ಈಗೇನ್ ಮಾಡೋದು?" ಎಂದು ಕೇಳಿ. ಹಾರ್ತೀವಿ ಅಂತಲೇ ಅನ್ನುತ್ತಾರೆ. ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಉತ್ತರ ತೆಲುಗಿನಲ್ಲಿ ಬಂದರೆ ತಿದ್ದಬೇಡಿ. "ತಪ್ಪು" ಅಂತಲೂ ಅನ್ನಬೇಡಿ, ಅಂದರೆ ಬಾಯಿ ಮುಚ್ಚಿಬಿಡುತ್ತಾರೆ. ಹೊಂಡಕ್ಕೆ ಹಾಸುವ ಕಪ್ಪು ಪ್ಲಾಸ್ಟಿಕ್ ಶೀಟಿನ ಒಂದು ತುಂಡು ಚೀಲದಲ್ಲಿರಲಿ. ಬೆಂಚನ್ನು ಓರೆ ಮಾಡಿಸಿ, ಶೀಟು ಹಾಸಿ, ಸೋಪಿನ ನೀರು ಚೆಲ್ಲಿ. "ಇದನ್ನ ಹಿಡ್ಕೊಂಡು ಮೇಲೆ ಬಾ ನೋಡೋಣ" ಎಂದು ಒಬ್ಬೊಬ್ಬರಿಂದಲೂ ಅಂಗೈ ಊರಿಸಿ. ಕೈ ಸುಯ್ಯನೆ ಜಾರುತ್ತದೆ. ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಪಾಚಿ ಕಟ್ಟಿದ ಶೀಟಿನ ಮೇಲೆ ಈಜು ಬಲ್ಲವನೂ ಹತ್ತಲಾರ ಎಂದು ನೀವು ಹೇಳಬೇಕಾಗಿಯೇ ಇಲ್ಲ.

ಆಗ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿ. ಸೀಮೆಸುಣ್ಣದಲ್ಲಿ ದೊಡ್ಡ ಚೌಕ ಬರೆಯಿರಿ, ಅದೇ ಹೊಂಡ. ಮೊದಲ ಕೆಲಸ ಕೂಗುವುದು. ಶಾಲೆಯಲ್ಲಿ ಸದ್ದು ಮಾಡಬಾರದು ಅಂತ ಅಭ್ಯಾಸವಾದ ಮಕ್ಕಳು ಪಿಸುಗುಟ್ಟಿದ ಹಾಗೆ ಕೂಗುತ್ತಾರೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವ ತನಕ ಬಿಡಬೇಡಿ. (ಹೆಡ್‌ಮಾಸ್ಟರಿಗೆ ಮೊದಲೇ ಹೇಳಿರಿ. ನಾನು ಹೇಳದೆ ಒಮ್ಮೆ ಅರ್ಧ ಊರು ಗೇಟಿನ ಹತ್ತಿರ ಸೇರಿತ್ತು.)

ಎರಡನೆಯದು ಎಸೆಯುವುದು. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿನ ಹಿಡಿಗೆ ಹಗ್ಗ ಕಟ್ಟಿ. ಒಳಗೆ ಒಂದು ಲೋಟ ನೀರು ಹಾಕಿ, ಮುಚ್ಚಳ ಬಿಗಿ ಮಾಡಿ. ಪೂರ್ತಿ ಖಾಲಿ ಇದ್ದರೆ ಹಗುರವಾಗಿ ದೂರ ಹೋಗಲ್ಲ. ಬಿದ್ದವನ ತಲೆ ದಾಟಿ ಬೀಳುವ ಹಾಗೆ ಎಸೆದು ಆಮೇಲೆ ಎಳೆಯಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಅವನ ಭಾರಕ್ಕೆ ನಾವೂ ಒಳಗೆ. ಶೀಟಿನಿಂದ ಹಿಂದಕ್ಕೆ, ಮಣ್ಣಿನ ದಂಡೆಯ ಮೇಲೆ ಬೋರಲು ಮಲಗಿ ಎಳೆಯಬೇಕು. ದೊಡ್ಡವರನ್ನು ಕರೆತರಲು ಇನ್ನೊಬ್ಬ ಓಡಲಿ, ಫೋನಿದ್ದರೆ 112. ಪ್ರತಿ ಮಗುವಿಗೂ ಎರಡು ಸಲ ಎಸೆಯಲು ಬಿಡಿ. ಹೊತ್ತಾಗುತ್ತೆ, ಆಗಲಿ. ಕಥೆಯ ಉಳಿದ ಭಾಗವನ್ನು ಬೇಕಾದರೆ ಕತ್ತರಿಸಿ, ಇದನ್ನಲ್ಲ.

ಹೆಜ್ಜೆ 4. ಕ್ಲಾಸಿಗೆ ಮರಳಿ ಕಥೆ ಮುಗಿಸಿ. ಹುಡುಗ ಬದುಕಬೇಕು, ಕ್ಯಾನು ಎಸೆದದ್ದಕ್ಕೇ ಬದುಕಬೇಕು.

ಎಲ್ಲರೂ ಹೋದ ಮೇಲೆ ಒಂದು ಮಗು ಉಳಿಯುತ್ತದೆ. ಕೆಲವೊಮ್ಮೆ ನೀರಿಗೆ ಸಂಬಂಧವೇ ಇಲ್ಲದ ಮಾತು ತೆಗೆಯುತ್ತದೆ: ಮನೆಯಲ್ಲಿ ಹೊಡೆಯುವುದು, ಯಾರೋ ಮುಟ್ಟುವುದು. ಸುಮ್ನೆ ಕೇಳಿಸಿಕೊಳ್ಳಿ, ಕೆದಕಬೇಡಿ. "ಯಾರಿಗೂ ಹೇಳಲ್ಲ" ಎಂದು ಮಾತು ಮಾತ್ರ ಕೊಡಬೇಡಿ. ಅಲ್ಲಿಂದ ಹೊರಡುವ ಮೊದಲೇ ಹೆಡ್‌ಮಾಸ್ಟರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ.

ಪುಸ್ತಕದ ಒಂದು ಪ್ರತಿ, ಹಗ್ಗ ಕಟ್ಟಿದ ಕ್ಯಾನು, ಎರಡನ್ನೂ ಶಾಲೆಯಲ್ಲೇ ಬಿಟ್ಟು ಬನ್ನಿ. ಕ್ಯಾನನ್ನು ಅಡುಗೆಯ ಅಕ್ಕ ಎಣ್ಣೆ ತುಂಬಿಸೋಕೆ ಕೇಳುತ್ತಾರೆ. ಅವರಿಗೆ ಅಂತಲೇ ಇನ್ನೊಂದು ತೆಗೆದುಕೊಂಡು ಹೋಗಿರಿ.